ಎರಡನೆಯ ಗಣಿತಕ್ಕೊಂದು ಪ್ರೊಸೆಸರ್

ಮಾವನವರ ಬರೆಯುವ ಮಣೆಯ ಮೇಲೆ, ಅರ್ಧ ತುಂಬಿದ ಹಾಳೆಯ ನಡುವೆ, ಆ ಹುಣಸೆ ಬೀಜ ಮೂರು ತಿಂಗಳಿಂದ ಕದಲದೆ ಕೂತಿತ್ತು. ಕಸ ಗುಡಿಸುವಾಗ ನಾನು ಮಣೆಯ ಸುತ್ತ ಗುಡಿಸುತ್ತಿದ್ದೆ, ಧೂಳು ಒರೆಸುವಾಗ ಬೀಜದ ಸುತ್ತ ಒರೆಸುತ್ತಿದ್ದೆ. ಅದನ್ನು ಎತ್ತುವುದು ನನ್ನ ಕೆಲಸವಲ್ಲ ಎಂದು ಮನೆಯಲ್ಲಿದ್ದ ನಮ್ಮಿಬ್ಬರಿಗೂ ಗೊತ್ತಿತ್ತು.

ಬಸವನ ಬಾಗೇವಾಡಿಯ ಮನೆ ಅದು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮಾವನವರು ಪಂಚಾಂಗ ಮಾಡುವವರು. ಮಾಡುವುದೆಂದರೆ ಓದಿ ಹೇಳುವುದಲ್ಲ, ವರ್ಷದ ಒಂದೊಂದು ದಿನದ ತಿಥಿ, ನಕ್ಷತ್ರ, ಯೋಗ ಎಷ್ಟು ಘಟಿ ಎಷ್ಟು ಪಳಕ್ಕೆ ಮುಗಿಯುತ್ತವೆ ಎಂದು ಹಳೆಯ ಕ್ರಮದಲ್ಲಿ ಗುಣಿಸಿ ಭಾಗಿಸಿ ತೆಗೆಯುವುದು. ಒಂದು ಘಟಿಯೆಂದರೆ ಇಪ್ಪತ್ತನಾಲ್ಕು ನಿಮಿಷ, ಅದರಲ್ಲಿ ಅರವತ್ತು ಪಳ. ಒಂದು ದಿನದ ಲೆಕ್ಕಕ್ಕೆ ಅವರಿಗೆ ಅರ್ಧ ಗಂಟೆ ಬೇಕಾಗುತ್ತಿತ್ತು. ನಡುವೆ ಯಾರಾದರೂ ಕರೆದರೆ ನಿಲ್ಲಿಸಿದ ಸಾಲಿನ ಮೇಲೆ ಒಂದು ಹುಣಸೆ ಬೀಜ ಇಟ್ಟು ಏಳುವುದು, ಬಂದು ಅಲ್ಲಿಂದಲೇ ಮುಂದುವರಿಸುವುದು. ಹುಣಸೆ ಬೀಜ ಯಾಕೆಂದರೆ ಅದು ಗಾಳಿಗೆ ಹಾರುವುದಿಲ್ಲ, ಇರುವೆ ಒಯ್ಯುವುದಿಲ್ಲ.

ಮನೆತನಕ್ಕೆ ಇನ್ನೊಂದು ಕಟ್ಟಳೆಯಿತ್ತು. ಒಬ್ಬರೇ ಮಾಡಿದ ಲೆಕ್ಕ ಅಚ್ಚಿಗೆ ಹೋಗುವಂತಿಲ್ಲ. ಇಬ್ಬರು, ಬೇರೆ ಬೇರೆ ಕೋಣೆಯಲ್ಲಿ, ಒಬ್ಬರ ಹಾಳೆ ಇನ್ನೊಬ್ಬರು ನೋಡದೆ, ಅದೇ ದಿನಗಳ ಗಣಿತ ಮಾಡಬೇಕು. ಆಮೇಲೆ ಎದುರುಬದುರು ಕೂತು ಮೊದಲನೆಯವರು ಓದಬೇಕು, ಎರಡನೆಯವರು ತಮ್ಮ ಹಾಳೆ ನೋಡಿ "ಕೂಡಿತು" ಅನ್ನಬೇಕು. ಹಾಗೆ ಅನ್ನಿಸಿಕೊಂಡ ಸಾಲಷ್ಟೇ ಪ್ರೆಸ್ಸಿಗೆ. ಈ ಎರಡನೆಯ ಗಣಿತ ನನ್ನ ಗಂಡನದಾಗಿತ್ತು. ಅವರು ಬಿಜಾಪುರದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಇಂಜಿನಿಯರು. ಶನಿವಾರ ಸಂಜೆ ಬಸ್ಸಿಗೆ ಬಂದು ಭಾನುವಾರ ಪೂರ್ತಿ ಗಣಿತಕ್ಕೆ ಕೂಡುತ್ತಿದ್ದರು.

ಆ ಚಳಿಗಾಲದಲ್ಲಿ ಕಾಮಾಲೆಯಾಗಿ ಒಂಬತ್ತು ದಿನಕ್ಕೆ ಹೋದರು. ನಾನು ಬಿಜಾಪುರದ ಆಸ್ಪತ್ರೆಯಲ್ಲಿದ್ದೆ. ಸುದ್ದಿ ತಂದವರು ಬಾಗಿಲಲ್ಲಿ ನಿಂತಾಗ ಮಾವನವರು ಒಂದು ದಿನದ ಲೆಕ್ಕದ ನಡುವೆ ಇದ್ದರಂತೆ. ಬೀಜ ಇಟ್ಟು ಎದ್ದರಂತೆ. ಅದೇ ಬೀಜ ಇದು.

ನನ್ನ ಸ್ಥಿತಿಯನ್ನು ದುಃಖ ಎಂದು ಕರೆಯಲಾರೆ. ಅದಕ್ಕಿಂತ ಕಡಿಮೆ ಏನೋ ಇತ್ತು. ಗರ್ಲ್ಸ್ ಹೈಸ್ಕೂಲಿನಲ್ಲಿ ಸೈನ್ಸ್ ಕಲಿಸುತ್ತಿದ್ದೆ. ಬೆಲ್ ಹೊಡೆದರೆ ಕ್ಲಾಸಿಗೆ ಹೋಗುವುದು, ಬೆಲ್ ಹೊಡೆದರೆ ಡಬ್ಬಿ ಬಿಚ್ಚುವುದು. ಹಸಿವು ಎಂಬುದು ಆಗುತ್ತಿರಲಿಲ್ಲ. ರೊಟ್ಟಿ ಮುರಿದು ಬಾಯಿಗೆ ಹಾಕಿಕೊಳ್ಳುವುದು ಚಾಕ್‌ಪೀಸ್ ಡಬ್ಬಿಗೆ ತುಂಬಿದ ಹಾಗೆ. ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೆ ಎಂಬ್ರಾಯ್ಡರಿ ಕಲಿಸಿದ ಸಿಸ್ಟರ್ ಒಬ್ಬರು ಸದಾ ಹೇಳುತ್ತಿದ್ದರು: ಕೀಪ್ ಯುವರ್ ಹ್ಯಾಂಡ್ಸ್ ಆಕ್ಯುಪೈಡ್, ಗರ್ಲ್ಸ್. ಕೈಗೆ ಕೆಲಸ ಕೊಟ್ಟೆ. ಉಳಿದದ್ದಕ್ಕೆ ಕೊಡಲು ನನ್ನಲ್ಲಿ ಏನೂ ಇರಲಿಲ್ಲ.

ಮಾಘದಲ್ಲಿ ಮುದ್ದೇಬಿಹಾಳದಿಂದ ಪ್ರೆಸ್ಸಿನ ಯಜಮಾನರು ಬಂದರು. ಬರುವ ಯುಗಾದಿಯ ಪಂಚಾಂಗ ಆಗಲೇ ಅಚ್ಚಾಗಿತ್ತು. ಅವರು ಕೇಳಲು ಬಂದದ್ದು ಅದರ ಮುಂದಿನ ವರ್ಷದ್ದು.

"ಅಜ್ಜಾರ, ದೀಪಾವಳಿಗೆ ಹಸ್ತಪ್ರತಿ ಕೈಗೆ ಬಂದ್ರ ನನಗ ಅನುಕೂಲ. ಮೊಳೆ ಜೋಡಸೂದs ಎರಡು ತಿಂಗಳ ಹಿಡೀತೈತ್ರಿ."

"ಎರಡನೇದಾಂವ ಇಲ್ಲಲ್ಲೋ," ಎಂದರು ಮಾವನವರು.

"ಒಂದು ವರ್ಷ ನಿಮ್ಮ ಒಬ್ಬರದs ಹಾಕೂಣ್ರಿ. ಇಲ್ಲಂದ್ರ ಸೊಲ್ಲಾಪುರದ ಪಂಚಾಂಗ ತರಸಿ, ಊರಿನ ಅಂತರ ತಿದ್ದಿ..."

"ಮಂದಿ ಉಂಡ ತಾಟಿನ್ಯಾಗ ನನ್ನ ಹೆಸರು ಕೆತ್ತಸಂತಿ ಏನು?"

ಯಜಮಾನರು ಚಹಾ ಬಟ್ಟಲು ಕೆಳಗಿಟ್ಟರು. "ಹಂಗಲ್ರಿ ಅಜ್ಜಾರ. ಒಂದು ವರ್ಷ ತಪ್ಪಿತಂದ್ರ ಮಂದಿ ಬ್ಯಾರೇದು ಹಿಡೀತಾರ. ಆಮ್ಯಾಲ ತಿರುಗಿ ಬರಂಗಿಲ್ರಿ."

"ತಪ್ಪಿದ್ರ ತಪ್ಪಲಿ. ಇಲ್ಲಿಗೆ ಮುಗೀತಂತ ತಿಳೀತೇನಿ."

ಅವರು ಹಾಗೆ ಅಂದದ್ದು ಸಿಟ್ಟಿನಿಂದಲ್ಲ. ಮಾತು ಒಣಗಿತ್ತು. ಯಜಮಾನರು ಹೋದ ಮೇಲೆ ಮಾವನವರು ಕಂಬಳಿಯ ಮೇಲೆ, ಮಣೆಯ ಎದುರಿಗೆ, ಕೈ ಕಟ್ಟಿ ಕೂತರು. ಮೂರು ತಿಂಗಳಿಂದ ಹಾಗೆಯೇ ಕೂಡುತ್ತಿದ್ದರು. ಈ ಮನುಷ್ಯ ಈ ಲೆಕ್ಕ ನಿಂತ ದಿನವೇ ನಿಂತುಬಿಟ್ಟಿದ್ದಾರೆ, ಇದು ಮತ್ತೆ ನಡೆಯದಿದ್ದರೆ ಅವರೂ ನಡೆಯುವುದಿಲ್ಲ ಎಂದು ಆ ಮಧ್ಯಾಹ್ನ ನನಗೆ ಸ್ಪಷ್ಟವಾಯಿತು. ಅದು ತಿಳಿದದ್ದೂ ಒಂದು ಬೆಲ್ ಹೊಡೆದ ಹಾಗೆಯೇ. ಎದ್ದು ಟ್ರಂಕು ತೆಗೆದೆ.

ಟ್ರಂಕಿನಲ್ಲಿ ನನ್ನ ಗಂಡನ ಕಂಪ್ಯೂಟರ್ ಇತ್ತು. ಆ ಮಾತು ಆಗ ನಮ್ಮ ಊರಿನಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಫಾರಿನ್ ಮ್ಯಾಗಜಿನ್ ತರಿಸಿ ಓದಿ, ಮೇಜಿನ ಮೇಲೆ ಕೂಡುವಂಥ ಒಂದು ಯಂತ್ರವನ್ನು ಸ್ವತಃ ಕಟ್ಟಬೇಕೆಂದು ಅವರು ಹಟ ಹಿಡಿದಿದ್ದರು. ಡಿಸೈನ್ ಅವರದು, ಬೆಸುಗೆ ನನ್ನದು. ಎಂಬ್ರಾಯ್ಡರಿ ಮಾಡಿದ ಕೈ ನಡುಗುವುದಿಲ್ಲವಲ್ಲ. ಅವರ ಬೆಸುಗೆ ಮಾತ್ರ ಕೆಟ್ಟದು, ಸೀಸ ಉಂಡೆ ಉಂಡೆಯಾಗಿ ಕೂಡುತ್ತಿತ್ತು. ಬೋರ್ಡಿನ ಒಂದೇ ಒಂದು ಮೂಲೆ, ಗಡಿಯಾರದ ಹಾಗೆ ಬಡಿತ ಕೊಡುವ ಕ್ರಿಸ್ಟಲ್ಲಿನದು, ಅವರ ಕೈಯದು. ಉಳಿದದ್ದೆಲ್ಲ ನನ್ನದು.

ಪ್ರೊಸೆಸರ್ ಒಂದು ನಶ್ಯದ ಡಬ್ಬಿಯಲ್ಲಿ ಕರಿ ಸ್ಪಂಜಿಗೆ ಚುಚ್ಚಿತ್ತು. ಜೆಡ್-೮೦. ಆಗ ಸಿಗುತ್ತಿದ್ದುದರಲ್ಲಿ ವೇಗದ್ದು. ನೋಟ್‌ಬುಕ್ಕಿನಲ್ಲಿ ಅವರು ಬೇರೆಯವುಗಳನ್ನೂ ಬರೆದು ಹೊಡೆದುಹಾಕಿದ್ದರು. ೮೦೮೦ಕ್ಕೆ ಮೂರು ಬಗೆಯ ವೋಲ್ಟೇಜು ಬೇಕು, ಬೇಡ. ೧೮೦೨ ಬಹಳ ಮಂದ, ಬೇಡ. ಜೆಡ್-೮೦ರ ಸುತ್ತ ಎರಡು ಸಲ ಗುಂಡು ಸುತ್ತಿ ಪೆನ್ಸಿಲ್ಲಿನಲ್ಲಿ ಬರೆದಿದ್ದರು: ದಿಸ್ ಒನ್. ಫೈನಲ್.

ಮಾವನವರ ಎದುರು ಹೋಗಿ ಕೂತೆ.

"ಮಾವಾರ, ಎರಡನೇ ಗಣಿತ ಈ ಮಶೀನ್ ಮಾಡ್ತೈತ್ರಿ. ಕ್ರಮ ನೀವು ನನಗ ಹೇಳ್ರಿ, ನಾ ಅದಕ್ಕ ಹೇಳ್ತೇನಿ."

ಅವರು ಬೋರ್ಡನ್ನು ತಿರುಗಿಸಿ ನೋಡಿದರು. "ಇದು ನನ್ನ ಹಾಳಿ ನೋಡಿ ಬರಿಯಂಗಿಲ್ಲ ಹೌದಲ್ಲವ್ವಾ?"

"ಅದಕ್ಕ ಕಣ್ಣs ಇಲ್ರಿ."

"ಹಂಗಾರ ನನ್ನ ಮಗನಕಿಂತ ಪ್ರಾಮಾಣಿಕ ಐತಿ. ಅಂವ ಸಣ್ಣಾಂವಿದ್ದಾಗ ಇಣುಕತಿದ್ದ."

ನಗಲಿಲ್ಲ ಇಬ್ಬರೂ. ಆದರೆ ಮರುದಿನ ಸಾಲೆ ಬಿಟ್ಟ ಮೇಲೆ ಅವರು ಕ್ರಮ ಹೇಳಲು ಶುರು ಮಾಡಿದರು.

ಅದನ್ನು ಯಂತ್ರದ ಭಾಷೆಗೆ ತರಲು ಒಂದು ತಿಂಗಳು ಹಿಡಿಯಿತು. ಮೊದಲು ಆ ದಿನಕ್ಕೆ ಸೂರ್ಯ ಚಂದ್ರರ ಸರಾಸರಿ ಜಾಗ. ಆಮೇಲೆ ಚಂದ್ರ ಒಮ್ಮೆ ಬೇಗ ಒಮ್ಮೆ ನಿಧಾನ ನಡೆಯುತ್ತಾನಲ್ಲ, ಅದಕ್ಕಾಗಿ ಕೂಡುವ ಅಥವಾ ಕಳೆಯುವ ಮಂದಫಲ. ಆಮೇಲೆ ಎರಡರ ಅಂತರ, ಅದರಿಂದ ತಿಥಿ. ಎಲ್ಲವೂ ಅರವತ್ತರ ಲೆಕ್ಕ. ಯಂತ್ರಕ್ಕೆ ಗುಣಾಕಾರವೇ ಬರುವುದಿಲ್ಲ, ಕೂಡುವುದನ್ನೇ ಮತ್ತೆ ಮತ್ತೆ ಮಾಡಿಸಿ ಗುಣಿಸಬೇಕು. ಒಟ್ಟು ಏಳುನೂರು ಚಿಲ್ಲರೆ ಸಂಖ್ಯೆಗಳ ಪ್ರೋಗ್ರಾಂ ಆಯಿತು. ಅದನ್ನು ತುಂಬುವುದು ಎಂಟು ಸ್ವಿಚ್ಚುಗಳಿಂದ. ಒಂದೊಂದು ಸಂಖ್ಯೆಗೆ ಎಂಟೂ ಸ್ವಿಚ್ಚು ಮೇಲೆ ಕೆಳಗೆ ಮಾಡಿ ಗುಂಡಿ ಒತ್ತಬೇಕು. ಪೂರ್ತಿ ತುಂಬಲು ಮೂರು ತಾಸು. ಕ್ಯಾಸೆಟ್ಟಿನಲ್ಲಿ ಉಳಿಸಿಡುವ ಸರ್ಕ್ಯೂಟು ನೋಟ್‌ಬುಕ್ಕಿನಲ್ಲಿ ಅರ್ಧಕ್ಕೇ ನಿಂತಿತ್ತು. ಮುಂದಿನ ಅರ್ಧ ನನಗೆ ಹೊಳೆಯಲಿಲ್ಲ.

ಚೈತ್ರದ ಮೊದಲ ಭಾನುವಾರ ಯಂತ್ರ ನಡೆಯಿತು. ಮೂರು ಸೆಕೆಂಡು, ಅಷ್ಟೇ. ಕೆಂಪು ಅಂಕಿಗಳು ಮೂಡಿದವು. ತಪ್ಪು ಉತ್ತರ, ಆದರೆ ಉತ್ತರ. ತಪ್ಪು ಹುಡುಕಲು ಕೂತೆ. ಹತ್ತು ನಿಮಿಷಕ್ಕೆ ಕರೆಂಟು ಹೋಯಿತು.

ಕರೆಂಟು ಬಂದಾಗ ಅದರ ನೆನಪಿನಲ್ಲಿ ಒಂದಕ್ಷರವೂ ಉಳಿದಿರಲಿಲ್ಲ. ಮತ್ತೆ ಮೂರು ತಾಸು.

ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಹೇಳಬೇಕಾಗಿಲ್ಲ. ಹೋಗುವುದೊಂದೇ ಅಲ್ಲ, ಇದ್ದಾಗಲೂ ತೋಟಗಳಲ್ಲಿ ಪಂಪ್‌ಸೆಟ್ಟು ಶುರುವಾದರೆ ಬಲ್ಬು ಕೆಂಪಗಾಗುತ್ತಿತ್ತು. ಬಲ್ಬು ಅದನ್ನು ತಡೆದುಕೊಂಡೀತು, ಜೆಡ್-೮೦ ತಡೆಯುವುದಿಲ್ಲ. ಅದಕ್ಕೆ ಐದು ವೋಲ್ಟು ಅಂದರೆ ಐದೇ. ಕಾಲು ವೋಲ್ಟು ಆಚೀಚೆಯಾದರೆ ಏನು ಮಾಡುತ್ತದೆಂದು ಯಾರೂ ಹೇಳಲಾರರು. ಹನ್ನೊಂದು ಸಲ ತುಂಬಿದೆ. ಹನ್ನೊಂದು ಸಲ ಹೋಯಿತು. ನನಗೆ ಸಿಟ್ಟೂ ಬರಲಿಲ್ಲ. ಅಳಿಸಿದ ಬೋರ್ಡಿನ ಮೇಲೆ ಮತ್ತೆ ಬರೆಯುವುದು ಟೀಚರಿಗೆ ಅಭ್ಯಾಸ.

ಸಿಂದಗಿಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಒಬ್ಬರಿದ್ದರು. ನನ್ನ ಗಂಡನ ಗೆಳೆಯರು, ಎಲ್ಲರೂ ಅವರನ್ನು ಮಾಸ್ತರ ಅನ್ನುತ್ತಿದ್ದರು. ಅವರನ್ನು ಕರೆಸಿದೆ. ಬಸ್ಸಿನ ಟಾಪಿನ ಮೇಲೆ ಲಾರಿಯ ಹಳೆಯ ಬ್ಯಾಟರಿಯೊಂದನ್ನು ಹಾಕಿಕೊಂಡು ಬಂದರು.

"ಅಕ್ಕೋರ, ಇದರ ಮ್ಯಾಲ ನಡಸ್ರಿ. ಸರ್ಕಾರದ ಕರೆಂಟಿಗೆ ಸಲಾಂ ಹೊಡದು ಬಿಡ್ರಿ."

ಹನ್ನೆರಡು ವೋಲ್ಟಿನ ಬ್ಯಾಟರಿ. ಅದನ್ನು ಐದಕ್ಕೆ ಇಳಿಸಲು ರೆಗ್ಯುಲೇಟರ್ ಬೇಕು, ಮಿಕ್ಕ ಏಳು ವೋಲ್ಟು ಶಾಖವಾಗಿ ಹೋಗುತ್ತದೆ. ಪ್ರೊಸೆಸರ್ ಒಂದು ಪಾಲು ತಿಂದರೆ ಮೆಮರಿಯ ಹದಿನಾರು ಚಿಪ್ಪುಗಳು ಹತ್ತು ಪಾಲು ತಿನ್ನುತ್ತಿದ್ದವು. ಬೆಳಿಗ್ಗೆ ಚೆನ್ನಾಗಿ ನಡೆಯಿತು. ಮಧ್ಯಾಹ್ನ ಹೆಂಚಿನ ಕೆಳಗೆ ಕೋಣೆ ಕಾದಾಗ ರೆಗ್ಯುಲೇಟರ್ ತಾನೇ ಬಂದ್ ಆಯಿತು. ಅದರ ಸ್ವಭಾವವೇ ಹಾಗೆ. ಬಹಳ ಬಿಸಿಯಾದರೆ ಸುಟ್ಟುಹೋಗುವ ಬದಲು ಕಣ್ಣು ಮುಚ್ಚಿಬಿಡುತ್ತದೆ. ನನಗೆ ಅದು ಚೆನ್ನಾಗಿ ಅರ್ಥವಾಯಿತು.

ಒದ್ದೆ ಬಟ್ಟೆ ಸುತ್ತಿದೆವು. ಮಾಸ್ತರರು ಅಲ್ಯುಮಿನಿಯಮ್ ತಾಟೊಂದನ್ನು ಕತ್ತರಿಸಿ ರೆಕ್ಕೆ ಮಾಡಿ ಕಟ್ಟಿದರು. ಮಧ್ಯಾಹ್ನ ಒಂದರ ಬದಲು ಎರಡಕ್ಕೆ ಬಂದ್ ಆಯಿತು. ಮೂರು ದಿನಕ್ಕೊಮ್ಮೆ ಬ್ಯಾಟರಿಯನ್ನು ಟಾಂಗಾದಲ್ಲಿ ಗ್ಯಾರೇಜಿಗೆ ಒಯ್ದು ಚಾರ್ಜು ಮಾಡಿಸಬೇಕು. ವೈಶಾಖ ಬಂತು. ಒಂದು ವಾರದ ತಿಥಿಯೂ ಕೈಗೆ ಸಿಕ್ಕಿರಲಿಲ್ಲ.

ಅಂಥದ್ದೊಂದು ಮಧ್ಯಾಹ್ನ, ಎರಡಕ್ಕೆ ಅಂಕಿಗಳು ಆರಿದಾಗ, ಮಾವನವರು ಬಾಗಿಲಲ್ಲಿ ನಿಂತಿದ್ದರು.

"ಮತ್ತ ಎದ್ದು ಹೋತು?"

"ಹೌದ್ರಿ."

"ಬೀಜ ಎಲ್ಲಿ ಇಡತೈತಿ?"

ನನಗೆ ತಿಳಿಯಲಿಲ್ಲ. ಮಾಸ್ತರರು ಸ್ಕ್ರೂಡ್ರೈವರ್ ಹಿಡಿದು ಹಾಗೇ ನೋಡಿದರು.

"ನಡುವ ಎಬ್ಬಿಸಿದ್ರ ಎಲ್ಲಿ ಇದ್ದೆ ಅನ್ನೂದು ಅದಕ್ಕ ನೆನಪಿರತೈತೇನು ಅಂತ ಕೇಳಾಕತ್ತೇನಿ."

"ಇಲ್ರಿ. ಒಂದು ಕ್ಷಣ ನಿಂತ್ರೂ ಎಲ್ಲಾ ಮರೀತೈತ್ರಿ. ಓಡತನs ಇರಬೇಕು."

"ಹಂಗಾರ ಅದು ಗಣಿತಕ್ಕ ಬರಂಗಿಲ್ಲ ಬಿಡವ್ವಾ. ಎಷ್ಟು ಜೋರ ಓಡಿದ್ರ ಏನಾತು? ಮನ್ಯಾಗ ಕೂತು ಲೆಕ್ಕ ಮಾಡಾವಗ ನಡುವ ಏಳೂದು ಬಂದs ಬರತೈತಿ."

ಇಷ್ಟು ಹೇಳಿ ಹೋದರು. ಮಾಸ್ತರರು, "ಅಜ್ಜಾರು ಸುಮ್ಮ ಅಂದ್ರು, ಮನಸಿಗೆ ಹಚ್ಚಿಕೋಬ್ಯಾಡ್ರಿ," ಎಂದರು. ನಾನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ನೋಟ್‌ಬುಕ್ಕು ತೆಗೆದು, ಹೊಡೆದುಹಾಕಿದ ಸಾಲುಗಳನ್ನು ಓದುತ್ತಿದ್ದೆ.

೧೮೦೨. ಬಹಳ ಮಂದ. ಅದರ ಪಕ್ಕದಲ್ಲೇ ನನ್ನ ಗಂಡನ ಸಣ್ಣ ಅಕ್ಷರದಲ್ಲಿ: ಸಿಮಾಸ್ ಜಾತಿ. ನಾಲ್ಕರಿಂದ ಹತ್ತು ವೋಲ್ಟು, ಏನಾದರೂ ನಡೆದೀತು. ಕೆಲವೇ ಮಿಲಿಆಂಪ್. ಬಡಿತ ನಿಂತರೂ ರಿಜಿಸ್ಟರ್ ಉಳಿಯುತ್ತವೆ.

ಲೆಕ್ಕದ ನಡುವಿನ ಅಂಕಿ ಹಿಡಿದಿಡುವ ಆ ರಿಜಿಸ್ಟರುಗಳು ಬಡಿತ ನಿಂತರೂ ಉಳಿಯುತ್ತವೆ. ಇದನ್ನು ಹತ್ತು ಸಲ ಓದಿದ್ದೆ. ಪೆನ್ಸಿಲ್ಲಿನ ಅಡ್ಡಗೆರೆ ಇದ್ದದ್ದರಿಂದ ಓದಿರಲಿಲ್ಲ, ಅಷ್ಟೇ.

ಹಾಳೆಯ ಹಿಂದೆ ಲೆಕ್ಕ ಹಾಕಿದೆ. ಜೆಡ್-೮೦ ಒಂದು ತಿಥಿಗೆ ಮೂರು ಸೆಕೆಂಡು ತೆಗೆದುಕೊಂಡರೆ ಇದು ಹದಿನೈದು ತೆಗೆದುಕೊಂಡೀತು, ಇಪ್ಪತ್ತೆಂದೇ ಇರಲಿ. ಉತ್ತರವನ್ನು ನೋಡಿ ನಾನು ನೀಟಾಗಿ ಬರೆದುಕೊಳ್ಳಲು ಒಂದು ನಿಮಿಷ ಬೇಕು. ಮಾವನವರಿಗೆ ಅರ್ಧ ಗಂಟೆ. ನನ್ನ ಕೈಗಿಂತ ಬೇಗ ಓಡುವ ವೇಗ ಯಾರಿಗೆ ಬೇಕಾಗಿತ್ತು? ನನ್ನ ಗಂಡನಿಗೆ ಬೇಕಾಗಿತ್ತು, ಯಾಕೆಂದರೆ ಅವರು ಈ ಯಂತ್ರದಿಂದ ಮುಂದೆ ಏನೇನೋ ಮಾಡಿಸುವವರಿದ್ದರು, ಗ್ರಹಣ, ಧೂಮಕೇತು, ಎಕ್ಸ್‌ಚೇಂಜಿನ ಟ್ರಾಫಿಕ್ಕು. ನನಗೆ ಬೇಕಾದದ್ದು ಒಂದು ವರ್ಷದ ತಿಥಿ.

ಎರಡು ಸಲ ಗುಂಡು ಸುತ್ತಿದ್ದನ್ನು ಬಿಟ್ಟು ಹೊಡೆದುಹಾಕಿದ್ದನ್ನು ಆರಿಸಿದೆ. ಆರಿಸುವಾಗ ಎದೆಯಲ್ಲಿ ಏನಾದರೂ ಆಗುತ್ತದೇನೋ ಎಂದು ಕಾದೆ. ಆನೆಸ್ಟ್ಲಿ, ಏನೂ ಆಗಲಿಲ್ಲ. ಮಾಸ್ತರರಿಗೆ ಚೀಟಿ ಬರೆದುಕೊಟ್ಟೆ: ೧೮೦೨, ಎರಡು. ಜೊತೆಗೆ ಅದೇ ಜಾತಿಯ, ಕಡಿಮೆ ಕರೆಂಟು ತಿನ್ನುವ ಮೆಮರಿ, ಎಂಟು.

ಅವರು ಎರಡು ತಿಂಗಳಿಗೊಮ್ಮೆ ಅಂಗಡಿಯ ಸಾಮಾನಿಗೆ ಇಂಡಿ ರೋಡಿನಲ್ಲಿ ರೈಲು ಹತ್ತಿ ಸೊಲ್ಲಾಪುರದ ಮೇಲೆ ಮುಂಬಯಿಗೆ ಹೋಗುತ್ತಿದ್ದರು. ಜ್ಯೇಷ್ಠದಲ್ಲಿ ಹೋಗಿ ಬಂದರು. ನಮ್ಮ ಮನೆಗೆ ಬಂದಾಗ ಕೈಯಲ್ಲಿ ಸ್ಟೀಲಿನ ಊಟದ ಡಬ್ಬಿ.

"ಅಂಗಡ್ಯಾಂವ ನಕ್ಕನ್ರಿ ಅಕ್ಕೋರ. ಜೋರಿಂದು ಐತಿ, ಮಂದಂದು ಯಾಕ ಒಯ್ತೀ ಅಂದ. ಪಂಚಾಂಗಕ್ಕ ಅಂದೆ. ಮುಂದ ಮಾತಾಡಲಿಲ್ಲ ನೋಡ್ರಿ, ಕೈ ಮುಗದು ಕೊಟ್ಟ."

"ಡಬ್ಬಿ ಯಾಕ್ರಿ?"

"ಇವು ಭಾಳ ನಾಜೂಕಂತ. ನೈಲಾನಿಗೆ ತಿಕ್ಕಿದ್ರ ಸಾಯ್ತಾವಂತ. ನಾ ನಮ್ಮ ಮನಿಯಾಕಿಗೆ ನೈಲಾನ್ ಸೀರಿ ತಗೊಂಡಿದ್ದೆ, ಒಂದs ಚೀಲದಾಗ ಹೆಂಗ ಇಡ್ಲಿ? ಇವನ್ನ ಬೆಳ್ಳಿ ಕಾಗದ ಸುತ್ತಿ ಡಬ್ಬ್ಯಾಗ ಹಾಕಿದೆ, ಬುತ್ತಿ ರೊಟ್ಟಿ ಸೀರ್ಯಾಗ ಕಟ್ಟಿದೆ. ಈಗ ಸೀರಿ ಚಟ್ನಿ ಚಟ್ನಿ ನಾರತೈತಿ. ಮನ್ಯಾಗ ಊಟಿಲ್ರಿ ನನಗ."

ನನ್ನ ತುಟಿ ತುಸು ಅಲುಗಿರಬೇಕು. ಅವರು ಖುಷಿಯಾಗಿ ಇನ್ನೊಂದು ಬಟ್ಟಲು ಚಹಾ ಕೇಳಿದರು.

ಹಳೆಯ, ಹೊಸ ಎರಡೂ ಪ್ರೊಸೆಸರಿಗೂ ನಲವತ್ತೇ ಕಾಲು, ಒಂದೇ ಸಾಕೆಟ್ಟಿನಲ್ಲಿ ಕೂಡುತ್ತವೆ. ಆದರೆ ಯಾವ ಕಾಲೂ ಇನ್ನೊಂದರ ಕಾಲಿದ್ದ ಕಡೆ ಇಲ್ಲ. ಒಂದೊಂದು ವೈರನ್ನೂ ಬಿಡಿಸಬೇಕಾಯಿತು. ಬಿಡಿಸಿದ್ದು ನನ್ನ ಬೆಸುಗೆಯನ್ನೇ. ಕ್ರಿಸ್ಟಲ್ಲಿನ ಮೂಲೆ ಮಾತ್ರ ಹಾಗೇ ಬಿಟ್ಟೆ, ಉಂಡೆ ಉಂಡೆ ಸೀಸ ಸಮೇತ. ಅದೇ ಬಡಿತ ಇದಕ್ಕೂ ನಡೆಯುತ್ತಿತ್ತು. ಕರೆಂಟಿಗೆ ನಾಲ್ಕು ಟಾರ್ಚಿನ ಸೆಲ್ಲು, ಅಷ್ಟೇ. ಲಾರಿಯ ಬ್ಯಾಟರಿ ಸಿಂದಗಿಗೆ ವಾಪಸ್ ಹೋಯಿತು.

ಮೊದಲ ದಿನವೇ ಒಂದು ಪ್ರೊಸೆಸರ್ ಸತ್ತಿತು. ತಪ್ಪು ನನ್ನದು. ಆ ಮನೆಯಲ್ಲಿ ಗಣಿತಕ್ಕೆ ಕಂಬಳಿಯ ಮೇಲೆ ಕೂಡುವ ಪದ್ಧತಿ. ಬರೀ ನೆಲದ ಮೇಲೆ ಕೂತು ಮಾಡಿದ ಲೆಕ್ಕ ನಿಲ್ಲುವುದಿಲ್ಲ ಎಂದು ಅವರ ನಂಬಿಕೆ. ಇದು ಅವರ ಗಣಿತವಲ್ಲವೇ, ನಾನು ಎರಡನೆಯವರ ಜಾಗದಲ್ಲಿ ಇದ್ದೇನಲ್ಲವೇ ಎಂದುಕೊಂಡು ನನ್ನ ಗಂಡನ ಕಂಬಳಿ ಹಾಸಿ ಅದರ ಮೇಲೆ ಕೂತೆ. ಹತ್ತಿ ಸೀರೆಯನ್ನೇ ಉಟ್ಟಿದ್ದೆ, ನೈಲಾನಿನ ಎಚ್ಚರವಿತ್ತು. ಉಣ್ಣೆಯ ಎಚ್ಚರ ಇರಲಿಲ್ಲ. ಮಳೆ ಇನ್ನೂ ಬಿದ್ದಿರಲಿಲ್ಲ, ಗಾಳಿ ಒಣ ಒಣ. ಎದ್ದು ಕೂತು ಮಾಡಿದಾಗ ಮೈ ಕಂಬಳಿಗೆ ತಿಕ್ಕಿ, ಚಿಪ್ಪನ್ನು ಮುಟ್ಟಿದ ಬೆರಳ ತುದಿಯಲ್ಲಿ ಚಿಟ್ ಎಂದಿತು. ಅಷ್ಟೇ ಸದ್ದು. ಕ್ಲಾಸಿನಲ್ಲಿ ಪ್ರತಿ ವರ್ಷ ಬಾಚಣಿಗೆ ತಿಕ್ಕಿ ಕಾಗದದ ಚೂರು ಎತ್ತಿ ತೋರಿಸುವ ಟೀಚರು ನಾನು.

ಇನ್ನು ಉಳಿದದ್ದು ಒಂದು. ಮಾವನವರಿಗೆ ಹೇಳಿದೆ, "ಕಂಬಳಿ ಮ್ಯಾಲ ಕೂತ್ರ ಇದು ಸಾಯ್ತೈತ್ರಿ."

ಅವರು ತಾವೇ ಎದ್ದು ಆ ಕಂಬಳಿಯನ್ನು ಮಡಚಿದರು. "ಇದು ನಿನಗ ಬ್ಯಾಡ. ನೀ ನೆಲದ ಮ್ಯಾಲ ಕೂಡು," ಎಂದು ಅದನ್ನು ತಮ್ಮ ಕಂಬಳಿಯ ಮೇಲೆ ಹಾಸಿದರು. ಅಂದಿನಿಂದ ಅವರು ಎರಡು ಕಂಬಳಿಯ ಮೇಲೆ, ನಾನು ಒದ್ದೆ ಮಾಡಿದ ನೆಲದ ಮೇಲೆ.

ಆಷಾಢದ ಮೊದಲ ಮಳೆಗೆ ಯಂತ್ರ ನಡೆಯಿತು. ಪ್ರೋಗ್ರಾಂ ಒಂದೇ ಸಲ ತುಂಬಿದೆ. ೧೮೦೨ಕ್ಕೆ ವೇಟ್ ಎಂಬ ಒಂದು ಕಾಲಿದೆ, ಅದಕ್ಕೆ ಒಂದು ಸ್ವಿಚ್ಚು ಕಟ್ಟಿದ್ದೆ. ಲೆಕ್ಕದ ನಡುವೆ ಸ್ವಿಚ್ಚು ಒತ್ತಿ, ಸಾಲೆಗೆ ಹೋಗಿ, ಐದು ಪೀರಿಯಡ್ ಪಾಠ ಮಾಡಿ, ಸಂಜೆ ಬಂದು ಸ್ವಿಚ್ಚು ಎತ್ತಿದೆ. ಎಲ್ಲಿ ನಿಂತಿತ್ತೋ ಅಲ್ಲಿಂದ ಮುಗಿಸಿ ಉತ್ತರ ಕೊಟ್ಟಿತು. ಮಾವನವರು ಪಕ್ಕದಲ್ಲಿ ನಿಂತು ನೋಡಿದರು. ಹತ್ತೊಂಬತ್ತು ಸೆಕೆಂಡು.

"ಮಂದ ಐತಿ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಗಣಿತದವನ ಹಂಗs ಐತಿ," ಎಂದರು.

ಬೀಜ ಇಟ್ಟದ್ದಕ್ಕಿಂತ ಮೊದಲಿನ ದಿನಗಳನ್ನು ಚಳಿಗಾಲದಲ್ಲಿ ತಂದೆ ಮಗ ಇಬ್ಬರೂ ಮಾಡಿ, ಕೂಡಿಸಿ ಮುಗಿಸಿದ್ದರು. ಯಂತ್ರವನ್ನು ಪರೀಕ್ಷಿಸಲು ಆ ಹಾಳೆಗಳೇ ಸಿಕ್ಕವು. ನನ್ನ ಗಂಡನ ಹಾಳೆ ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ದಿನ ಓಡಿಸಿದೆ. ಅವರ ನೀಲಿ ಶಾಯಿಯ ಅಂಕಿಗಳೇ ಕೆಂಪಾಗಿ ಮೂಡುತ್ತಿದ್ದವು. ಮೊದಲ ವಾರ ಎರಡು ತಪ್ಪು ಬಂದವು, ಎರಡೂ ನಾನು ಮಂದಫಲದ ಕೋಷ್ಟಕ ತುಂಬುವಾಗ ಮಾಡಿದವು. ತಿದ್ದಿದೆ. ಆಮೇಲೆ ನಲವತ್ತೊಂದು ದಿನ ಒಂದು ಪಳವೂ ಆಚೀಚೆಯಾಗದೆ ಕೂಡಿದವು.

ಅದನ್ನು ಹೇಳಿದಾಗ ಮಾವನವರು ಮಣೆಯ ಹತ್ತಿರ ಹೋದರು. ನಾನು ಕೋಣೆಯಿಂದ ನೋಡುತ್ತಿದ್ದೆ. ಬೀಜ ಎತ್ತಿ ಜನಿವಾರದಂಥ ದಾರ ಸುತ್ತಿದ ತಮ್ಮ ಪೆನ್ನಿನ ಡಬ್ಬಿಗೆ ಹಾಕಿದರು. ಪೆನ್ನು ತೆಗೆದರು. ಶಾಯಿ ಗಟ್ಟಿಯಾಗಿತ್ತು, ನೀರು ಕೇಳಿದರು. ಕೊಟ್ಟೆ.

ಮುಂದಿನ ಭಾನುವಾರ ಬೆಳಿಗ್ಗೆ ಎದುರುಬದುರು ಕೂತೆವು. ಎಂಟು ತಿಂಗಳ ಮೇಲೆ ಆ ಮನೆಯಲ್ಲಿ ಮೊದಲ ಸಲ. ಅವರ ಮುಂದೆ ಹಾಳೆ, ನನ್ನ ಮುಂದೆ ಬೋರ್ಡು. ಬೀಜ ಇದ್ದ ದಿನವೇ ಮೊದಲನೆಯದು.

"ವೈಶಾಖ ಬಹುಳ ತದಿಗಿ, ಘಳಿಗಿ ಇಪ್ಪತ್ತೊಂದು, ಪಳ ಮೂವತ್ತೆಂಟು."

ನನ್ನ ಅಂಕಿಗಳು: ಇಪ್ಪತ್ತು, ಇಪ್ಪತ್ತೆಂಟು. ನಾನು ಏನೂ ಅನ್ನಲಿಲ್ಲ.

"ಅನ್ನವ್ವಾ ಮತ್ತ."

"ಕೂಡಲಿಲ್ರಿ."

ಅವರು ಕನ್ನಡಕ ತೆಗೆದರು. "ಸೆಲ್ಲು ಇಳದಿರಬೇಕು ನೋಡು."

ನೆನಪು ಅಳಿಯದಂತೆ ಹೊಸ ಸೆಲ್ಲು ಪಕ್ಕದಲ್ಲಿ ಜೋಡಿಸಿಕೊಂಡು, ಆಮೇಲೆ ಹಳೆಯವನ್ನು ತೆಗೆದು ಓಡಿಸಿದೆ. ಅದೇ ಉತ್ತರ. "ನನ್ನದೂ ಎರಡು ಸಲ ತಿರುವಿ ನೋಡೇನಿ," ಎಂದರು. ದನಿಯಲ್ಲಿ ಒಂದು ಬಿರುಸಿತ್ತು. ಇಲ್ಲಿ ಯಂತ್ರ ತಪ್ಪಿದ್ದರೆ ಅದು ಎರಡನೆಯವನಲ್ಲ, ದೀಪಾವಳಿಯಿಲ್ಲ, ಪಂಚಾಂಗವಿಲ್ಲ. ಅವರು ತಪ್ಪಿದ್ದರೆ ಮೊದಲನೆಯವರೇ ಇಲ್ಲ. ಎರಡೂ ನಮಗೆ ಗೊತ್ತಿತ್ತು.

ನಾನು ಯಂತ್ರವನ್ನು ಮೆಟ್ಟಿಲು ಮೆಟ್ಟಿಲಾಗಿ ನಡೆಸಿದೆ. ಸ್ವಲ್ಪ ಓಡಿಸುವುದು, ವೇಟ್ ಒತ್ತುವುದು, ಒಳಗಿನ ಅಂಕಿ ಓದುವುದು.

"ಚಂದ್ರನ ಸರಾಸರಿ ಜಾಗ ಓದ್ರಿ ಮಾವಾರ."

ಓದಿದರು. ಕೂಡಿತು.

"ಮಂದಫಲ?"

"ಹದಿನಾಲ್ಕು ಕಲೆ." ಕಲೆಯೆಂದರೆ ಒಂದು ಅಂಶದ, ಡಿಗ್ರಿಯ, ಅರವತ್ತನೆಯ ಪಾಲು. ಕೂಡಿತು.

"ಕಳದ ಮ್ಯಾಲ?"

ಓದಿದರು. ಕೂಡಲಿಲ್ಲ. ನನ್ನದಕ್ಕಿಂತ ಸರಿಯಾಗಿ ಹದಿನಾಲ್ಕು ಕಲೆ ಕಡಿಮೆ.

ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಲ್ಲಿಂದ ನನಗೂ ಕಾಣುತ್ತಿತ್ತು. ಹಾಳೆ ತಿಂಗಳುಗಟ್ಟಲೆ ಧೂಳು ಕುಡಿದು ಮಾಸಿತ್ತು, ಬೀಜ ಕೂತಿದ್ದ ಜಾಗ ಒಂದು ಮಾತ್ರ ಬೆಳ್ಳಗೆ ಉಳಿದಿತ್ತು. ಅದರ ಮೇಲಿನ ಸಾಲಿನಲ್ಲಿ ಚಳಿಗಾಲದ ಕಪ್ಪು ಶಾಯಿಯಲ್ಲಿ ಹದಿನಾಲ್ಕು ಕಲೆ ಕಳೆದು ಆಗಿತ್ತು. ಕೆಳಗಿನ ಸಾಲಿನಲ್ಲಿ, ನೀರು ಹಾಕಿ ಕಲಸಿದ ತೆಳು ಶಾಯಿಯಲ್ಲಿ, ಅದನ್ನೇ ಮತ್ತೆ ಕಳೆದಿದ್ದರು.

"ಎರಡು ಸಲ ಕಳದೇನಿ," ಎಂದರು.

ಹಾಳೆಯನ್ನು ಮತ್ತೆ ಮಣೆಯ ಮೇಲೆ ಇಟ್ಟರು.

"ಬೀಜ ಕಳದ ಸಾಲಿನ ಮ್ಯಾಲ ಇಡಬೇಕಿತ್ತು. ಅದರ ಕೆಳಗ ಇಟ್ಟೆ, ಕಳಿಯೂದು ಇನ್ನೂ ಬಾಕಿ ಅಂತ ತಿಳಕೊಂಡೆ." ಬೆಳ್ಳನೆಯ ಗುರುತಿನ ಮೇಲೆ ಬೆರಳು ಇಟ್ಟರು. "ನಲವತ್ತು ವರ್ಷದಾಗ ಬೀಜ ತಪ್ಪಿ ಇಟ್ಟಾಂವ ಅಲ್ಲ ನಾ. ಅವತ್ತು ಬಾಗಲದಾಗ ನಿಂತಾವರ ಮಾರಿ ನೋಡಿದೆ ನೋಡವ್ವಾ. ನೋಡಿ ಇಟ್ಟೆ."

ಬೆರಳು ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ ತೆಳು ಶಾಯಿಯ ಸಾಲನ್ನು ಒಂದು ಗೆರೆಯಿಂದ ಹೊಡೆದುಹಾಕಿ, ಅಲ್ಲಿಂದ ಕೆಳಗೆ ಹೊಸದಾಗಿ ಮಾಡಿದರು. ನಾನು ವೇಟ್ ಒತ್ತಿ ಕಾದೆ. ಯಂತ್ರವೂ ಕಾದಿತು. ಇಪ್ಪತ್ತು ನಿಮಿಷವಾಗಿರಬೇಕು. ಹೊರಗೆ ಯಾರೋ ಎಮ್ಮೆ ಹೊಡೆದುಕೊಂಡು ಹೋದರು.

"ಘಳಿಗಿ ಇಪ್ಪತ್ತು, ಪಳ ಇಪ್ಪತ್ತೆಂಟು," ಎಂದು ಓದಿ ನನ್ನ ಮುಖ ನೋಡಿದರು.

ನಾನು ಅಂಕಿ ನೋಡಲಿಲ್ಲ. ನೋಡಬೇಕಾಗಿರಲಿಲ್ಲ. ಆದರೂ ಕಟ್ಟಳೆ ಇತ್ತಲ್ಲ. ಸ್ವಿಚ್ಚು ಎತ್ತಿ, ಹತ್ತೊಂಬತ್ತು ಸೆಕೆಂಡು ಬಿಟ್ಟು, ಓದಿ ನೋಡಿದೆ.

"ಕೂಡಿತ್ರಿ."

ಆ ಮಾತು ನನ್ನ ಬಾಯಲ್ಲಿ ಮೊದಲ ಸಲ ಬಂದದ್ದು. ಅವರು ಸಾಲಿನ ಕೊನೆಗೆ ಚುಕ್ಕೆ ಇಟ್ಟರು. ಮುಂದಿನ ದಿನ ಓದಿದರು. ಅದೂ ಕೂಡಿತು. ಅದರ ಮುಂದಿನದೂ.

ಐದನೆಯ ದಿನದ ನಡುವೆ ನನಗೆ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಯಿತು. ಏನೆಂದು ತಕ್ಷಣ ತಿಳಿಯಲಿಲ್ಲ. ಯಾವ ಬೆಲ್ಲೂ ಹೊಡೆದಿರಲಿಲ್ಲ, ಅದು ಭಾನುವಾರ. ಆಮೇಲೆ ಗುರುತಾಯಿತು. ಹಸಿವು.

"ಮಾವಾರ, ಊಟಕ್ಕ ಏಳ್ರಿ. ನನಗ ಹಸಿವಾಗೈತಿ."

ಅವರು ಹಾಳೆಯಿಂದ ತಲೆ ಎತ್ತಿದರು. ಪೆನ್ನಿನ ಡಬ್ಬಿಯಿಂದ ಆ ಬೀಜ ತೆಗೆದರು. ಓದುತ್ತಿದ್ದ ಸಾಲನ್ನು ಒಮ್ಮೆ ನೋಡಿ, ಸರಿಯಾಗಿ ಅದರ ಮೇಲೆಯೇ ಇಟ್ಟು, ಬೆರಳಿನಿಂದ ಒತ್ತಿದರು.

"ನಿಂದೂ ಇಡು," ಎಂದರು.

ನಾನು ವೇಟ್ ಒತ್ತಿ ಎದ್ದೆ.